ಬಟ್ಟಲಿನ ತಳದ ಮಾತು

ಬಟ್ಟಲುಗಳನ್ನು ಆರಿಸಿದ್ದು ಯಾಸುಕಿಚಿ, ನಮ್ಮ ಮದುವೆಯ ವರ್ಷ.
ಸಾರು ಪೂರ್ತಿ ಕುಡಿದವರಿಗಷ್ಟೇ ಕಾಣುವಂತೆ
ತಳದಲ್ಲಿ ನೀಲಿ ಅಕ್ಷರ ಬರೆಸಿದ್ದ: ಮತ್ತೆ ಬನ್ನಿ.
ಅರವತ್ತು ಬಟ್ಟಲು. ಈಗ ನಲವತ್ತೊಂದು ಉಳಿದಿವೆ.

ನೋಶಿರೊದಲ್ಲಿ ಹಿಮ ಮೇಲಿನಿಂದ ಬೀಳುವುದಿಲ್ಲ,
ಕಡಲ ಕಡೆಯಿಂದ ಅಡ್ಡಡ್ಡ ಬರುತ್ತದೆ.
ಬಂದರಿನವರು, ಮರದ ಮಿಲ್ಲಿನವರು, ರಾತ್ರಿಪಾಳಿ ಮುಗಿಸಿದ ದಾದಿಯರು
ಬಾಗಿಲು ಸರಿಸಿ ಒಳಬಂದರೆ
ಮೊದಲು ಕನ್ನಡಕ ಮಂಜಾಗುತ್ತದೆ, ಆಮೇಲೆ ಮಾತು.
ಅವರಿಗೆ ಬಿಸಿ ಬೇಕು, ಗಂಟಲು ಬೆಚ್ಚುವಷ್ಟು;
ಉಪ್ಪು ಬೇಕು, ಒಡೆದ ತುಟಿ ಚುರುಗುಟ್ಟುವಷ್ಟು.
ಸಾರು ಸಪ್ಪೆ ಅಂದರೆ ಸಾಕು,
ಯಾಸುಕಿಚಿಗೆ ಅವನ ತಾಯಿಯನ್ನು ಬೈದ ಹಾಗೆ.

ಅಂಗಡಿ ಮುಚ್ಚಿದ ಮೇಲೆ ತನ್ನದೊಂದು ಬಟ್ಟಲು.
ಕೊನೆಯ ಗುಟುಕು ಹೀರಿ, ಸ್ಲೇಟು ತೋರಿಸುವ ಹುಡುಗನಂತೆ
ನನ್ನ ಕಡೆ ವಾಲಿಸುತ್ತಿದ್ದ:
ನೋಡೇ, ಕರೀತಿದೆ.
ಇಪ್ಪತ್ತೆಂಟು ವರ್ಷ, ರಾತ್ರಿ ರಾತ್ರಿ ಓದಿದ.

ಫೆಬ್ರವರಿಯ ಒಂದು ಬೆಳಿಗ್ಗೆ
ಹಿಮದಲ್ಲಿ ಸಲಿಕೆ ನೆಟ್ಟಗೆ ನಿಂತಿತ್ತು,
ಅವನು ಅಡ್ಡ ಬಿದ್ದಿದ್ದ.
ಉಪ್ಪು ತಿಂದವನು ನೀರು ಕುಡಿಯಲೇಬೇಕಂತೆ.
ಅವನು ನೀರೂ ಕೇಳಲಿಲ್ಲ.

ಬೇಸಿಗೆಯಲ್ಲಿ ಪುರಸಭೆಯ ಕಾನಾಯೆ ಬಂದಳು,
ಜ್ವರ ನೋಡುವ ಕಡ್ಡಿಯಂಥದೊಂದನ್ನು ಸಾರಿಗಿಳಿಸಿದಳು.
ಅಂಕಿ ನೋಡಿದಳು. ನನ್ನ ಮುಖ ನೋಡಿದಳು.
ಏನೂ ಹೇಳದೆ ಒಂದು ಬಟ್ಟಲು ತರಿಸಿಕೊಂಡು
ಶಾವಿಗೆಯೆಲ್ಲ ತಿಂದು, ಸಾರು ಬಿಟ್ಟು,
ಪೂರ್ತಿ ದುಡ್ಡು ಕೊಟ್ಟು ಹೋದಳು.

ಅವನ ಚಮಚ ಅಲ್ಯೂಮಿನಿಯಂನದು, ಹಿಡಿ ಸೊಟ್ಟ.
ಅವನು ಗೋಪುರ ಮಾಡಿ ಹಾಕುತ್ತಿದ್ದ.
ನಾನು ಕಡ್ಡಿಯಿಂದ ಮಟ್ಟಸ ಗೀಚಿದೆ.
ಮರುತಿಂಗಳು ಅಂಚಿಗಿಂತ ಒಂದು ಕೂದಲು ಕೆಳಗೆ,
ಅದರ ಮರುತಿಂಗಳು ಇನ್ನೊಂದು.
ಒಣಮೀನು ಒಂದು ಹಿಡಿ ಹೆಚ್ಚು, ಕಡಲಪಾಚಿ ಇಡೀ ರಾತ್ರಿ ನೆನೆಸಿ.
ಗೋಡೆಯ ಮೇಲಿನ ಅವನ ಫೋಟೊಗೆ ಬೆನ್ನು ಹಾಕಿ
ನನ್ನ ಅಡುಗೆಮನೆಯಲ್ಲಿ ನಾನೇ ಕಳ್ಳಿಯಾದೆ.
ಅವನಿಂದ ಉಳಿದದ್ದು ಆ ಸಾರು ಒಂದೇ;
ಅದಕ್ಕೂ ನೀರು ಬೆರೆಸುತ್ತಿದ್ದೇನೆಯೆ?

ಸೋಯಾ ಸೀಸೆಗಳನ್ನು ಮೇಜಿನಿಂದ ಎತ್ತಿ ಕಪಾಟಿಗಿಟ್ಟೆ,
ಬೇಕಾದವರು ಕೇಳಲಿ ಎಂದು.
ಮಿಲ್ಲಿನ ಕುನಿಹಾರು ಕೇಳಿದ, ಸುರಿದುಕೊಂಡ,
ಮತ್ತೆ ಸುರಿದುಕೊಂಡ,
ಸೇತುವೆಯಾಚೆಯ ಅಂಗಡಿಗೆ ಹೋದವನು ಇನ್ನೂ ಬಂದಿಲ್ಲ.
ಹಿಮದ ಲಾರಿಯ ಹಿರೋಮು ಮಾತ್ರ ಒಂದು ಗುಟುಕಿಗೆ ನಿಂತು
ದೀಪ ನೋಡಿ ಕೇಳಿದ:
ಸೆತ್ಸುಯೊ, ಒಲೆ ಬದಲಾಯಿಸಿದಿರಾ?
ಇಲ್ಲ, ಅಂದೆ.
ಅದು ಸುಳ್ಳೂ ಅಲ್ಲ.

ನನ್ನ ನಾಲಿಗೆಗೇ ಮೊದಲು ಅದು ಪರರ ಮನೆ.
ಆರನೆಯ ವಾರವೋ ಏನೋ,
ಈರುಳ್ಳಿದಂಟಿನ ಸಿಹಿ ತಟಕ್ಕನೆ ಸಿಕ್ಕಿತು,
ಅದರ ಹಿಂದೆಯೇ ಮೀನಿನ ತಲೆಯ ಸಣ್ಣ ಕಹಿ.
ಇಷ್ಟು ವರ್ಷ ಉಪ್ಪಿನ ಗದ್ದಲದಲ್ಲಿ
ಇವೆಲ್ಲ ಏನು ಗೊಣಗುತ್ತಿದ್ದವೋ.
ಹಾಗಂತ ಸನ್ಯಾಸಿನಿ ಅಲ್ಲ ನಾನು.
ರಾತ್ರಿ ಲೆಕ್ಕ ಬರೆಯುವಾಗ
ಹೊಗೆಯಾಡಿಸಿದ ಮೂಲಂಗಿಯ ಉಪ್ಪಿನಕಾಯಿ ಒಂದು ಹೋಳು.
ಒಂದೇ.
ಸರಿ, ಎರಡು.

ಹಿರೋಮುವಿಗೂ ಈಗ ಡಾಕ್ಟರ ಅಪ್ಪಣೆಯಾಗಿದೆ.
ಅರ್ಧ ಸಾರು ಬಿಟ್ಟು, ಕಡ್ಡಿಗಳನ್ನು ಅಡ್ಡವಿಟ್ಟು
ತಲೆ ಬಾಗಿಸುತ್ತಾನೆ, ನನಗಲ್ಲ, ಬಟ್ಟಲಿಗೆ.
ಉಳಿದದ್ದನ್ನು ಮೋರಿಗೆ ಚೆಲ್ಲುವಾಗ
ಜಿಡ್ಡಿನಡಿಯಿಂದ ನೀಲಿ ಅಕ್ಷರಗಳು ಏಳುತ್ತವೆ,
ತೊಟ್ಟಿಯ ಮುಂದೆ ನಿಂತ ನನಗೊಬ್ಬಳಿಗೆ.

ಮೂರು ಚಳಿಗಾಲವಾಯಿತು, ಅವನು ಅವನ್ನು ಕಂಡಿಲ್ಲ.
ನಾಳೆ ಹನ್ನೊಂದೂವರೆಗೆ ಲಾರಿ ನಿಲ್ಲುತ್ತದೆ,
ಹಳದಿ ದೀಪ ಕಿಟಕಿಯ ಮೇಲೆ ಸುತ್ತು ಹಾಕುತ್ತದೆ,
ಬಾಗಿಲು ಸರಿಯುತ್ತದೆ.

ಓದದೆಯೇ ಬರುತ್ತಾನೆ.